ನುಡಿದಂತೆ ನಡೆದವನು

28 ಅಕ್ಟೋಬರ್ 2025, ಮಂಗಳವಾರ
ರಾತ್ರಿ 11.40

ಅಣ್ಣನನ್ನು ಮಾತಿನಲ್ಲಿ ಸೋಲಿಸಿದೆ. ಹುಟ್ಟಿದಾಗಿನಿಂದ ಇದು ಎಷ್ಟನೇ ಸಲ ಅಂತ ಎಣಿಸಲು ಒಂದು ಕೈಯ ಬೆರಳೇ ಹೆಚ್ಚು. ಖುಷಿಯಾಗಬೇಕಿತ್ತು. ಫೋನ್ ಇಟ್ಟು ಮೂರು ಗಂಟೆಯಾಯಿತು, ಹೊಟ್ಟೆಯಲ್ಲಿ ಕಲ್ಲು ಕೂತ ಹಾಗಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಶುರುವಾದದ್ದು ಸವಿತಾ ಹಾಲಪ್ಪನವರ ಫೋಟೋದಿಂದ. ಚಿಕ್ಕವಳು ಬೆಳಿಗ್ಗೆ ಮನೆಯವರ ಗ್ರೂಪಿಗೆ ಹಾಕಿದ್ದಳು. ಸವಿತಾ ತೀರಿಕೊಂಡು ಇವತ್ತಿಗೆ 13 ವರ್ಷ. ಬೆಳಗಾವಿಯ ಹುಡುಗಿ, ದಂತವೈದ್ಯೆ, ಐರ್ಲೆಂಡಿನ ಗಾಲ್ವೆಯಲ್ಲಿದ್ದಳು. 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಆಸ್ಪತ್ರೆಯವರಿಗೇ ಗೊತ್ತಿತ್ತು. ಹಾಗಿದ್ದರೆ ತೆಗೆದುಬಿಡಿ ಅಂತ ಅವಳೂ ಗಂಡನೂ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಅಂದರು. ಆ ಬಡಿತ ನಿಲ್ಲುವ ಹೊತ್ತಿಗೆ ನಂಜು ಇವಳ ರಕ್ತಕ್ಕೆ ಏರಿಯಾಗಿತ್ತು. ಆಗ 31. ಇದ್ದಿದ್ದರೆ ಈಗ ಚಿಕ್ಕವಳ ಮದುವೆಗೆ ಸೀರೆ ಆರಿಸುವ ಅತ್ತೆಯೊಬ್ಬಳ ವಯಸ್ಸು.

ಫೋಟೋದ ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಅಣ್ಣ ಮಾತ್ರ ಎರಡು ಶಬ್ದ ಬರೆದ: "ಎರಡು ಜೀವ."

ಅಷ್ಟೇ. ನನಗೆ ಉರಿದುಹೋಯಿತು.

ಅಣ್ಣನ ವಿಷಯ ಇಲ್ಲಿ ಬೇಕಾದಷ್ಟು ಬರೆದಿದ್ದೇನೆ, ಹೊಸದಾಗಿ ಪರಿಚಯ ಮಾಡಿಕೊಡಬೇಕಿಲ್ಲ. ಒಳಗೆ ಬಂದ ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವವನು. ಯುದ್ಧ ಬೇಡ, ಗಲ್ಲು ಬೇಡ, ಗರ್ಭಪಾತವೂ ಬೇಡ. ಶಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ 1983ರಲ್ಲಿ ಇಂಥದ್ದೇ ಮಾತು ಆಡಿದ್ದರು. ಅಣುಬಾಂಬು, ಮರಣದಂಡನೆ, ಗರ್ಭಪಾತ ಇವೆಲ್ಲ ಒಂದೇ ಪ್ರಶ್ನೆ, ಜೀವದ ಪರ ನಿಲ್ಲುವವರು ಎಲ್ಲ ಕಡೆಯೂ ನಿಲ್ಲಬೇಕು ಅಂತ. ಅದಕ್ಕೆ ಹೊಲಿಗೆಯಿಲ್ಲದ ಅಂಗಿ ಅಂತ ಹೆಸರು ಅಂಟಿಕೊಂಡಿತು. ನಮ್ಮಣ್ಣನಿಗೂ ಚರ್ಚಿಗೂ ಸಂಬಂಧವಿಲ್ಲ, ಆದರೂ ಆ ಅಂಗಿ ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. (ಹೊಲಿಗೆಯಿಲ್ಲದ್ದನ್ನು ಹೊಲಿಸುವುದು ಹೇಗೋ. ಇರಲಿ.) ನಾನಾದರೆ ಪೇಪರಿನಲ್ಲಿ ಅತ್ಯಾಚಾರದ ಸುದ್ದಿ ಓದಿದಾಗಲೆಲ್ಲ "ನೇಣಿಗೆ ಹಾಕಿ ಅವನನ್ನ" ಅಂತ ಕೂಗುವವಳು. ನನ್ನ ಅಂಗಿಯ ತುಂಬ ತೇಪೆ.

ಸಂಜೆ ನಾನೇ ಫೋನ್ ಮಾಡಿದೆ.

"ಎರಡು ಜೀವ ಅಂದ್ಯಲ್ಲ, ಅದರಲ್ಲಿ ಒಂದನ್ನ ಉಳಿಸಬಹುದಿತ್ತು."

"ಉಳಿಸಲೇಬೇಕಿತ್ತು. ಅಲ್ಲಿ ನಡೆದದ್ದು ಅನ್ಯಾಯ. ನಾನು ಅದರ ಪರ ಮಾತಾಡ್ಲಿಲ್ಲ."

"ಮತ್ತೆ?"

"ಯಾವ ಅಪಾಯವೂ ಇಲ್ಲದಾಗ, ಬೇಡ ಅನ್ನೋ ಕಾರಣಕ್ಕೆ ತೆಗೆಸ್ತಾರಲ್ಲ, ಅದು ಕೊಲೆ. ನನಗೆ ಅದಕ್ಕೆ ಬೇರೆ ಮಾತು ಸಿಗಲ್ಲ ಕಣೇ. ಹುಡುಕಿ ನೋಡಿದೀನಿ."

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ.

"ಕೊಲೆ ಅಂತ ನಿಜವಾಗ್ಲೂ ನಂಬಿದೀಯಾ? ಒಂದು ಕಟ್ಟಡದೊಳಗೆ ದಿನಾ ಮಕ್ಕಳನ್ನ ಕೊಲ್ತಿದಾರೆ ಅಂತ ಗೊತ್ತಾದ್ರೆ ಏನು ಮಾಡ್ತೀ? ಗ್ರೂಪಲ್ಲಿ ಎರಡು ಶಬ್ದ ಬರೆದು ಕೈತೊಳೆದು ಊಟಕ್ಕೆ ಕೂರ್ತೀಯಾ? ಬಾಗಿಲು ಒಡೆದು ಒಳಗೆ ನುಗ್ತಿದ್ದೆ. ಅಡ್ಡ ಬಂದವನನ್ನ ಬಡೀತಿದ್ದೆ. ನೀನು ಸುಮ್ಮನೆ ಕೂತಿದೀಯ ಅಂದ್ರೆ ನಿನಗೇ ಅದು ಕೊಲೆ ಅನ್ನಿಸಿಲ್ಲ. ನುಡಿದಂತೆ ನಡೆಯೋಕೆ ಆಗದಿದ್ರೆ ನುಡೀಬಾರದು."

ಆ ಕಡೆ ಸದ್ದಿಲ್ಲ. ಅಣ್ಣ ಸುಮ್ಮನಾದರೆ ಎಷ್ಟು ಹೊತ್ತು ಸುಮ್ಮನಿರುತ್ತಾನೆ ಅಂತ ನಿಮಗೆ ಗೊತ್ತು. ಕೊನೆಗೆ ಹೇಳಿದ: "ನೀನು ಹೇಳೋದ್ರಲ್ಲಿ ಅರ್ಥ ಇದೆ. ಯೋಚನೆ ಮಾಡ್ತೀನಿ."

ಫೋನ್ ಇಟ್ಟ. ನಾನು ಗೆದ್ದೆ.

ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು, ನಾನು ಆಡಿದ ಮಾತು ನನ್ನದಲ್ಲ. ಅದು ಪಾಲ್ ಹಿಲ್‌ನದು.

1993ರ ಮಾರ್ಚಿನಲ್ಲಿ ಅಮೆರಿಕದ ಫ್ಲಾರಿಡಾದ ಪೆನ್ಸಕೋಲದಲ್ಲಿ ಡೇವಿಡ್ ಗನ್ ಎಂಬ ವೈದ್ಯರನ್ನು ಗರ್ಭಪಾತ ಮಾಡುತ್ತಾರೆಂಬ ಕಾರಣಕ್ಕೆ ಒಬ್ಬ ಗುಂಡಿಟ್ಟು ಕೊಂದ. ಗರ್ಭಪಾತ ವಿರೋಧಿ ಚಳವಳಿಯ ಹೆಚ್ಚಿನವರು ಛೀ ಅಂದರು. ಪಾಲ್ ಹಿಲ್ ಅನ್ನಲಿಲ್ಲ. ಒಂದು ಕಾಲಕ್ಕೆ ಪ್ರೆಸ್ಬಿಟೇರಿಯನ್ ಪಾದ್ರಿಯಾಗಿದ್ದವನು. ಟೀವಿಯಲ್ಲಿ ಕೂತು ತಣ್ಣಗೆ ವಾದಿಸಿದ: ಹುಟ್ಟಿದ ಮಗುವನ್ನು ಕೊಲ್ಲಲು ಬಂದವನನ್ನು ಹೊಡೆದು ಮಗುವನ್ನು ಉಳಿಸಬಹುದಾದರೆ, ಹುಟ್ಟದ ಮಗುವಿಗೂ ಅದೇ ನ್ಯಾಯ. ಒಂದೂವರೆ ವರ್ಷ ಕಳೆಯುವ ಮೊದಲೇ, 1994ರ ಜುಲೈ 29ರ ಬೆಳಿಗ್ಗೆ, ಅದೇ ಊರಿನ ಇನ್ನೊಂದು ಕ್ಲಿನಿಕ್ಕಿನ ಮುಂದೆ ಡಾ. ಜಾನ್ ಬ್ರಿಟನ್ ಅವರನ್ನೂ ಅವರನ್ನು ಕಾರಿನಲ್ಲಿ ಕರೆತಂದಿದ್ದ ಜೇಮ್ಸ್ ಬ್ಯಾರೆಟ್ ಅವರನ್ನೂ ಗುಂಡಿಟ್ಟು ಕೊಂದ. ಬ್ಯಾರೆಟ್ ಅವರಿಗೆ 74, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಹೆಂಡತಿಯೂ ಕಾರಿನಲ್ಲಿದ್ದರು, ಗಾಯಗೊಂಡು ಬದುಕಿದರು. ವೈದ್ಯರು ಗುಂಡು ತಡೆಯುವ ಅಂಗಿ ತೊಟ್ಟೇ ಬಂದಿದ್ದರು. ಅವನು ತಲೆಗೆ ಗುರಿಯಿಟ್ಟ.

2003ರ ಸೆಪ್ಟೆಂಬರ್ 3ರಂದು ಸರ್ಕಾರ ಅವನಿಗೆ ವಿಷದ ಸೂಜಿ ಚುಚ್ಚಿ ಕೊಂದಿತು. ಕೊನೆಯವರೆಗೂ ಪಶ್ಚಾತ್ತಾಪದ ಒಂದು ಮಾತಿಲ್ಲ. ಗರ್ಭಪಾತ ಕೊಲ್ಲುವ ಕೆಲಸ ಅಂತ ನಂಬಿದ್ದರೆ ಅದನ್ನು ನಿಲ್ಲಿಸಲು ಏನು ಮಾಡಬೇಕೋ ಮಾಡಿ ಅಂತ ಹೇಳಿಯೇ ಹೋದ.

ನಾನು ಅಣ್ಣನಿಗೆ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಾನು ವ್ಯಂಗ್ಯಕ್ಕೆ ಹೇಳಿದೆ, ಅವನು ನಿಜಕ್ಕೆ ಹೇಳಿದ, ಅಷ್ಟೇ. ನಮ್ಮನ್ನು ಬೆಳೆಸಿದ್ದೇ ನುಡಿದಂತೆ ನಡೆಯಬೇಕು ಅಂತ. ಅದಕ್ಕಿಂತ ದೊಡ್ಡ ಗುಣವಿಲ್ಲ ಅಂತ. ಪಾಲ್ ಹಿಲ್ ನುಡಿದಂತೆಯೇ ನಡೆದ, ಒಂದು ಕೂದಲೆಳೆ ಆಚೀಚೆಯಾಗದ ಹಾಗೆ.

ಮಳೆ ಬಂತು. ಬಟ್ಟೆ.

ಒಳಗೆ ತಂದು ಹಾಕಿದೆ. ಅರ್ಧ ಒದ್ದೆ. ಇನ್ನರ್ಧಕ್ಕೆ ನಾಳೆ ಹೇಗೂ ಬಿಸಿಲಿರುವುದಿಲ್ಲ.

ನನ್ನ ಕಡೆಯವರು ಈ ವಾದವನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ ಅಂತ ಯೋಚಿಸುತ್ತಿದ್ದೇನೆ. 2009ರ ಮೇ 31ರಂದು ಕ್ಯಾನ್ಸಸ್‌ನ ವಿಚಿಟಾದಲ್ಲಿ ಡಾ. ಜಾರ್ಜ್ ಟಿಲ್ಲರ್ ಅವರನ್ನು ಭಾನುವಾರದ ಪ್ರಾರ್ಥನೆಗೆ ಬಂದಿದ್ದಾಗ ಚರ್ಚಿನೊಳಗೇ ಕೊಂದರಲ್ಲ, ಆಗಲೂ ನಾನು ಇದನ್ನೇ ಹೇಳಿದ್ದೆ. ವರ್ಷಗಟ್ಟಲೆ ಅವರನ್ನು ಕೊಲೆಗಾರ ಅಂತ ಕರೆದವರು ಈಗ ಗುಂಡು ಹೊಡೆದವನನ್ನು ಖಂಡಿಸುತ್ತಿದ್ದಾರೆ, ಎಂಥ ಬೂಟಾಟಿಕೆ ಅಂತ. ಗುಂಡು ಹೊಡೆದ ಸ್ಕಾಟ್ ರೋಡರ್, ಹುಟ್ಟದ ಮಕ್ಕಳನ್ನು ಉಳಿಸಲು ಹಾಗೆ ಮಾಡಿದೆ ಅಂತ ಕೋರ್ಟಿನಲ್ಲಿ ಹೇಳಿಕೊಂಡ. ಆ ಕಾರಣಕ್ಕೆ ಅಪರಾಧವನ್ನು ಕಡಿಮೆ ದರ್ಜೆಯದೆಂದು ಎಣಿಸಲು ನ್ಯಾಯಾಧೀಶರು ಬಿಡಲಿಲ್ಲ. ಅವನು ಅಪರಾಧಿ ಅನ್ನಲು ಜ್ಯೂರಿಗೆ 37 ನಿಮಿಷ ಸಾಕಾಯಿತು. ಅಂದರೆ ಕೋರ್ಟಿಗೂ ಜ್ಯೂರಿಗೂ ಚಳವಳಿಯ ಹೆಚ್ಚಿನವರಿಗೂ ರೋಡರ್ ಮಾಡಿದ್ದು ಕೊಲೆ. ಅವನೇ ಪ್ರಾಮಾಣಿಕ, ಉಳಿದವರು ಬೂಟಾಟಿಕೆಯವರು ಅಂತ ಹೇಳುತ್ತಿದ್ದದ್ದು ರೋಡರ್‌ನ ಸ್ನೇಹಿತರು ಮತ್ತು ನಾನು.

ಇನ್ನೊಂದು ನೆನಪಾಯಿತು. 2016ರಲ್ಲಿ ಟ್ರಂಪ್, ಗರ್ಭಪಾತ ನಿಷೇಧವಾದರೆ ಹೆಂಗಸಿಗೂ ಏನಾದರೂ ಶಿಕ್ಷೆ ಇರಬೇಕು ಅಂದುಬಿಟ್ಟಿದ್ದರು. ತರ್ಕ ಸರಿಯಾಗಿಯೇ ಇತ್ತು, ಕೊಲೆಯಾದರೆ ಕೊಲೆ ಮಾಡಿಸಿದವಳಿಗೂ ಶಿಕ್ಷೆ. ಮೊದಲು ಮೈಮೇಲೆ ಬಿದ್ದವರಲ್ಲಿ ಗರ್ಭಪಾತವನ್ನು ವಿರೋಧಿಸುವ ಸಂಘಟನೆಗಳೇ ಇದ್ದವು. ಅವಳ ಮೇಲೆ ಕೈಮಾಡುವುದಲ್ಲ ನಮ್ಮ ಉದ್ದೇಶ ಅಂದರು. ಟ್ರಂಪ್ ಅವತ್ತೇ ಮಾತು ಹಿಂತೆಗೆದುಕೊಂಡರು. ಆಗ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ನಾಲಿಗೆ ಕೊಲೆ ಅನ್ನುತ್ತಿದ್ದರೂ ಆ ಹೆಂಗಸಿನ ಮುಂದೆ ನಿಂತಾಗ ಕೈ ಹಿಂದೆ ಸರಿಯುತ್ತದಲ್ಲ, ಆ ಸರಿಯುವುದನ್ನೇ ನಾನು ತಪ್ಪು ಅಂತ ತೋರಿಸಿ ಬೈಯುತ್ತಿದ್ದೆ. ಸರಿ ಮಾಡಿಕೋ ಅನ್ನುತ್ತಿದ್ದೆ. ಅವರು ಯಾವ ಕಡೆಗೆ ಸರಿ ಮಾಡಿಕೊಳ್ಳಬಹುದು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ನನ್ನ ಮಾತಿನ ಕಥೆ ಏನು ಹಾಗಾದರೆ. ಗರ್ಭಪಾತಕ್ಕೆ ಹತ್ಯೆ ಅನ್ನಬೇಡಿ ಅಂತ ಜಗಳ ಕಾಯುವವಳು ನಾನು. ಅದರ ಹಿಂದೆ ಹೆಣ್ಣು ಅಂತ ಸೇರಿಸಿ ನೋಡಿ. "ಹೆಣ್ಣು ಭ್ರೂಣಹತ್ಯೆ". ಎಷ್ಟು ಸಲ ಬರೆದಿದ್ದೇನೆ ಇದನ್ನು, ಇಲ್ಲೇ ಬರೆದಿದ್ದೇನೆ, ಒಮ್ಮೆಯೂ ಬೆರಳು ತಡೆಯಲಿಲ್ಲ. ಅಲ್ಲಿ ತಪ್ಪಿರುವುದು ಹೆಣ್ಣು ಬೇಡ ಅನ್ನುವ ಮನಸ್ಸಿನಲ್ಲಿ, ಭ್ರೂಣದ ವಿಷಯವೇ ಬೇರೆ ಅಂತ ವಾದಿಸಬಲ್ಲೆ, ವಾದ ಗಟ್ಟಿಯಾಗಿಯೂ ಇದೆ. ಆದರೆ ಆ ಪದ ಬರೆಯುವಾಗ ನಾನು ಆ ವಾದವನ್ನು ಯೋಚಿಸುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಒಂದು ಹುಡುಗಿ.

ನಮ್ಮ ಆಡುಮಾತು ಇನ್ನೂ ವಿಚಿತ್ರ. "ಅಬಾರ್ಷನ್ ಆಯ್ತು", "ಅಬಾರ್ಷನ್ ಮಾಡಿಸಿದ್ಳು". ಪದ ಒಂದೇ, ಕ್ರಿಯಾಪದ ಬೇರೆ. ಆದದ್ದಕ್ಕೆ ಅಯ್ಯೋ, ಮಾಡಿಸಿದ್ದಕ್ಕೆ ಹೌದಾ. ನನಗೆ ಆಯ್ತು, ಆ ವರ್ಷ, 11 ವಾರಕ್ಕೆ. ಹಳಬರಿಗೆ ಗೊತ್ತು. ಮಗು ಹೋಯ್ತು ಅಂತಲೇ ಅತ್ತಿದ್ದು. ಜೀವಕೋಶ ಹೋಯ್ತು ಅಂತ ಯಾರಾದರೂ ಸಮಾಧಾನ ಹೇಳಲು ಬಂದಿದ್ದರೆ ಅವರ ಮುಖ ಮತ್ತೆ ನೋಡುತ್ತಿರಲಿಲ್ಲ. ಅದಾಗಿ ಎರಡು ವರ್ಷಕ್ಕೆ ಗೆಳತಿ ಮಾಡಿಸಿಕೊಂಡಳು. ಅದೂ ಹೆಚ್ಚುಕಡಿಮೆ ಅಷ್ಟೇ ವಾರ. "ಇನ್ನೂ ಏನೂ ಆಗಿಲ್ಲ ಕಣೇ, ಬರೀ ಜೀವಕೋಶ" ಅಂತ ಹೇಳಿದ್ದು ನಾನೇ, ಇದೇ ಬಾಯಿಂದ. ಎರಡು ಸಲವೂ ಸುಳ್ಳು ಹೇಳಿದೆ ಅನ್ನಿಸುವುದಿಲ್ಲ. ಅದೇ ಕಷ್ಟ.

ಅಮೆರಿಕದ ಆರು ಹೆಂಗಸರ ಬಗ್ಗೆ ಹಿಂದೊಮ್ಮೆ ಓದಿದ್ದೆ. 1994ರ ಡಿಸೆಂಬರ್ 30ರಂದು ಬಾಸ್ಟನ್ ಪಕ್ಕದ ಬ್ರೂಕ್‌ಲೈನಿನಲ್ಲಿ ಎರಡು ಕ್ಲಿನಿಕ್ಕುಗಳಿಗೆ ಒಬ್ಬನೇ ನುಗ್ಗಿ, ಸ್ವಾಗತಕ್ಕೆ ಕೂತಿದ್ದ ಇಬ್ಬರು ಹೆಂಗಸರನ್ನು ಕೊಂದಿದ್ದ. ಅದಾದ ಮೇಲೆ ಎರಡೂ ಕಡೆಯ ಮುಂದಾಳುಗಳು, ಮೂವರು ಇವರು, ಮೂವರು ಅವರು, ಗುಟ್ಟಾಗಿ ಸೇರತೊಡಗಿದರು. ಐದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದೆ ಸೇರಿದರು. 2001ರ ಜನವರಿಯಲ್ಲಿ ಪತ್ರಿಕೆಯಲ್ಲಿ ಒಟ್ಟಿಗೆ ಬರೆದಾಗಲೇ ಹೊರಗೆ ಗೊತ್ತಾದದ್ದು. ಮೊದಮೊದಲು ಅವರು ಸಿಕ್ಕಿಬಿದ್ದದ್ದು ಪದದಲ್ಲಿ. ಹೊಟ್ಟೆಯಲ್ಲಿರುವುದನ್ನು ಏನಂತ ಕರೆಯುವುದು? ಹುಟ್ಟದ ಮಗು ಅಂದರೆ ಇವರಿಗೆ ಆಗದು, ಭ್ರೂಣ ಅಂದರೆ ಅವರಿಗೆ ಆಗದು. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮಾನವ ಭ್ರೂಣ ಅಂತ ಒಪ್ಪಿಕೊಂಡರು. ಯಾರೂ ಪಕ್ಷ ಬದಲಿಸಲಿಲ್ಲ. ಮೊದಲಿಗಿಂತ ಗಟ್ಟಿಯಾದೆವು ಅಂತಲೇ ಬರೆದರು. ಆದರೆ ಆ ಕೊಲೆಗಾರನನ್ನು ಹೊಗಳುತ್ತಿದ್ದ ಪಾದ್ರಿಯೊಬ್ಬ ತಮ್ಮ ಕಡೆಗೆ ಹೊರಟಾಗ, ನಿನಗೆ ಇಲ್ಲಿ ಜಾಗವಿಲ್ಲ ಅಂತ ಕಾಗದ ಬರೆದದ್ದು ಗರ್ಭಪಾತವನ್ನು ವಿರೋಧಿಸುವ ಕಡೆಯ ಹೆಂಗಸರು. ನಾನಿದ್ದಿದ್ದರೆ ಅವರಿಗೆ ಏನು ಹೇಳುತ್ತಿದ್ದೆ? ಹೋಗಿ, ಅವನನ್ನು ಕರೆದುಕೊಂಡು ಬನ್ನಿ, ನಿಜವಾಗಿ ನಂಬುವವನು ಅವನೊಬ್ಬನೇ?

ಸವಿತಾ ವಿಷಯದಲ್ಲೂ ಕೊಂದದ್ದು ತೂಕ ತಪ್ಪದ ಒಂದು ವಾಕ್ಯವೇ ಅಲ್ಲವೇ. ತಾಯಿಯ ಜೀವಕ್ಕೆ ಎಷ್ಟು ಹಕ್ಕೋ ಹುಟ್ಟದ ಜೀವಕ್ಕೂ ಅಷ್ಟೇ ಹಕ್ಕು ಅಂತ 1983ರಲ್ಲಿ ಐರ್ಲೆಂಡಿನ ಜನ ಮತ ಹಾಕಿ ಸಂವಿಧಾನಕ್ಕೆ ಸೇರಿಸಿದರು. ಮೂರರಲ್ಲಿ ಎರಡು ಪಾಲು ಮತ, ಶೇ. 66.9. ಅದನ್ನು ತೆಗೆಯಲು 2018ರ ಮೇ 25ರಂದು ಮತ್ತೆ ಮತ ಹಾಕಿದರು, ಶೇ. 66.4. ಹೆಚ್ಚುಕಡಿಮೆ ಅದೇ ಎರಡು ಪಾಲು, ತಿರುಗಿ ಕೂತಿತು, 35 ವರ್ಷ ಹಿಡಿಯಿತು. ಗೋಡೆಗಳ ಮೇಲೆಲ್ಲ ಸವಿತಾ ಮುಖ ಇತ್ತು.

ಗೆಳತಿಯ ವಿಷಯ ಪೂರ್ತಿ ಹೇಳಲಿಲ್ಲ. (ಈಗಷ್ಟೇ ಮೆಸೇಜ್ ಹಾಕಿ ಕೇಳಿದೆ, ಹೆಸರು ಹಾಕದೆ ಬರೆದುಕೋ ಅಂದಳು, ಇನ್ನೂ ಎದ್ದಿದ್ದೀಯಾ ಅಂತ ಬೈದಳು.) ಅವತ್ತು ನಾನು ಊರಲ್ಲಿರಲಿಲ್ಲ. ಜೊತೆಗೆ ಹೋಗಲು ಯಾರೂ ಇರಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅಣ್ಣ. ಏನಕ್ಕೆ ಅಂತ ಅವಳೇ ಕಾರಿನಲ್ಲಿ ಹೇಳಿದಳಂತೆ. ಅವನು ಹೂಂ ಅಂದನಂತೆ. ಒಳಗೆ ಬರಲಿಲ್ಲ, ಹೊರಗೆ ಕಾರಿನಲ್ಲೇ ನಾಲ್ಕು ಗಂಟೆ ಕೂತಿದ್ದ. ವಾಪಸ್ ಬರುವಾಗ ಉಬ್ಬುಗಳಲ್ಲಿ ಎಷ್ಟು ನಿಧಾನ ಇಳಿಸುತ್ತಿದ್ದ ಅಂದರೆ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರಂತೆ. ನನಗೆ ಅವನು ಇದನ್ನು ಯಾವತ್ತೂ ಹೇಳಿಲ್ಲ.

ನನ್ನ ಇವತ್ತಿನ ವಾದದ ಪ್ರಕಾರ ಅವನು ಕೊಲೆಗೆ ಸಹಾಯ ಮಾಡಿದವನು, ಇಲ್ಲವೇ ಸುಳ್ಳ. ಎರಡರಲ್ಲಿ ಒಂದು ಆರಿಸಿಕೋ ಅಂತ ಹೇಳಿದ್ದೇನೆ. ಅವನು ಯೋಚನೆ ಮಾಡುತ್ತೇನೆ ಅಂದಿದ್ದಾನೆ. ಅಣ್ಣ ಯೋಚನೆ ಮಾಡುತ್ತೇನೆ ಅಂದರೆ ಮಾಡುತ್ತಾನೆ.

ಅವನು ಯಾರನ್ನೂ ನೋಯಿಸುವವನಲ್ಲ, ಆ ಭಯ ಇಲ್ಲ. ಇನ್ನೊಮ್ಮೆ ಯಾರಾದರೂ ಹೀಗೆ ಕೇಳಿದಾಗ ಕಾರು ತೆಗೆಯದೇ ಹೋದರೆ ಅಂತ.

ಅತ್ತಿಗೆ ಮೆಸೇಜ್ ಹತ್ತೂವರೆಗೇ ಬಂದಿದೆ, ಈಗ ನೋಡಿದೆ. "ಇವರು ಊಟ ಬೇಡ ಅಂತ ಕೂತಿದಾರೆ. ಏನಂದೆ ನೀನು?"

ಸುಮ್ಮನೆ ಕೂತಿದ್ದಕ್ಕೆ ಬೈದೆ ಅಂತ ಬರೆದು ಅಳಿಸಿದೆ. ಬೆಳಿಗ್ಗೆ ಫೋನ್ ಮಾಡಿ ಮೊದಲು ಆ ಕಾರಿನ ವಿಷಯ ನನಗೆ ಗೊತ್ತು ಅಂತ ಹೇಳಬೇಕು, ಆಮೇಲೆ