ನಿಮಗೆ ಯಾರ ಪರಿಚಯವಿತ್ತು?

ಈ ಪ್ರಶ್ನೆಯನ್ನು ನನಗೆ ಆಲ್ದೂರಿನ ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ಚಿಕ್ಕಮಗಳೂರಿನ ಆಸ್ಪತ್ರೆಯ ಸರತಿ ಸಾಲಿನಲ್ಲಿ ಕೇಳಿದ್ದಾರೆ, ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಪಾಯಸ ಬೀಳುತ್ತಿದ್ದಾಗಲೂ ಕೇಳಿದ್ದಾರೆ. ಮೊದಲು ನನ್ನ ಮಗನ ನಡಿಗೆ ನೋಡುತ್ತಾರೆ, ಆಮೇಲೆ ಅವನ ಸಮವಸ್ತ್ರ ನೋಡುತ್ತಾರೆ, ಆಮೇಲೆ ದನಿ ತಗ್ಗಿಸುತ್ತಾರೆ. ‘ಮಾಮೂಲಿ ಶಾಲೆಗೇ ಸೇರಿಸಿಕೊಂಡರಾ? ನಿಮಗೆ ಯಾರ ಪರಿಚಯವಿತ್ತು?’ ಬರೀ ಕುತೂಹಲಕ್ಕೆ ಕೇಳುವವರು ಕಡಿಮೆ. ಅವರ ಮನೆಯಲ್ಲೋ ಅಣ್ಣನ ಮನೆಯಲ್ಲೋ ಶಾಲೆಗೆ ಹೋಗದ ಒಂದು ಮಗು ಇರುತ್ತದೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಕಾಫಿ ತೋಟವೊಂದರಲ್ಲಿ ರೈಟರ್. ನಮ್ಮ ಕಡೆ ರೈಟರ್ ಎಂದರೆ ಕತೆ ಬರೆಯುವವರಲ್ಲ, ಆಳುಗಳ ಹಾಜರಿ ಮತ್ತು ಕೂಲಿ ಲೆಕ್ಕ ಬರೆಯುವವರು. ಹಾಗಾಗಿ ತೋಟದ ಸಾಹುಕಾರರೇ ಒಂದು ಮಾತು ಹೇಳಿಸಿರಬೇಕು ಎಂದು ಎಲ್ಲರ ಊಹೆ. ಊಹೆ ಪೂರ್ತಿ ಸುಳ್ಳೂ ಅಲ್ಲ. ಸಾಹುಕಾರರು ಫೋನ್ ಮಾಡಿದ್ದು ನಿಜ. ಆ ಕಡೆಯಿಂದ ‘ಆಗಲಿ, ಕಳುಹಿಸಿ’ ಎಂದದ್ದೂ ನಿಜ. ಸೋಮವಾರ ಹೋದರೆ ‘ಮಳೆ ಜೋರಾಗಿದೆ, ಮಗುವಿಗೆ ಕಷ್ಟವಾಗುತ್ತದೆ, ಮಳೆಗಾಲ ಕಳೆಯಲಿ’ ಎಂದರು. ಮಲೆನಾಡಿನಲ್ಲಿ ಮಳೆಗಾಲ ಕಳೆಯುವುದೆಂದರೆ ಅರ್ಧ ವರ್ಷ ಕಳೆದಂತೆ. ಫೋನಿನ ಮಾತು ಫೋನಿನಲ್ಲೇ ಉಳಿಯಿತು. ಮತ್ತೊಮ್ಮೆ ಮಾಡಿಸಿ ಎಂದು ಸಾಹುಕಾರರ ಮುಂದೆ ನಿಲ್ಲಲು ನನ್ನ ಗಂಡನಿಗೆ ಸಂಕೋಚ.

ಅದು 2018ರ ಜೂನ್. ಮಗನಿಗೆ ಆರು ತುಂಬಿತ್ತು. ಅವನಿಗಿರುವುದು ಸೆರೆಬ್ರಲ್ ಪಾಲ್ಸಿ. ಕಾಗದಪತ್ರಗಳಲ್ಲಿ ಮೆದುಳಿನ ಪಾರ್ಶ್ವವಾಯು ಎಂದು ಬರೆಯುತ್ತಾರೆ. ಬಲಗೈ ಬಿಗಿ, ನಡಿಗೆಯಲ್ಲಿ ಎಳೆತ, ಮಾತು ತೊದಲು. ತೊದಲು ಮಾತು ಕೇಳಿದವರೆಲ್ಲ ಬುದ್ಧಿಯೂ ಇಲ್ಲವೆಂದು ತಾವೇ ತೀರ್ಪು ಕೊಟ್ಟುಬಿಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಅವನಿಗೆ ಹೇಳಿದ್ದೆಲ್ಲ ಅರ್ಥವಾಗುತ್ತದೆ ಎಂಬ ವರದಿ ತಂದಿದ್ದೆ. ಶಾಲೆಯಲ್ಲಿ ಅದನ್ನು ಬಿಡಿಸಿಯೂ ನೋಡಲಿಲ್ಲ. ‘ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲಮ್ಮ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎಂದರು. ಅದಕ್ಕೂ ಮುಂಚೆ ಶೃಂಗೇರಿಯಲ್ಲಿ ಅವನಿಗೆ ಅಕ್ಷರಾಭ್ಯಾಸ ಮಾಡಿಸಿದ್ದೆವು. ಅಲ್ಲಿ ಯಾರೂ ಅವನ ಕೈ ನೋಡಿ ವ್ಯವಸ್ಥೆ ಇಲ್ಲ ಎಂದಿರಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಆಗ ದಾರಿ ತೋರಿಸಿದವರು ನನ್ನ ಮಾವ. ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಮನುಷ್ಯ ಅವರು. ಮಕ್ಕಳ ಹಕ್ಕು, ಸಮನ್ವಯ ಶಿಕ್ಷಣ ಇದ್ಯಾವುದೂ ಅವರಿಗೆ ಗೊತ್ತಿಲ್ಲ. ಕಚೇರಿ ಮಾತ್ರ ಗೊತ್ತು. ‘ಬಾಯಲ್ಲಿ ಇಲ್ಲ ಎಂದರಾ, ಬರೆದು ಕೊಟ್ಟರಾ?’ ಎಂದು ಕೇಳಿದರು. ಬಾಯಲ್ಲಿ ಎಂದೆ. ‘ಹಾಗಾದರೆ ಅವರು ಇನ್ನೂ ಇಲ್ಲ ಎಂದಿಲ್ಲ. ಅರ್ಜಿ ಕೊಡು, ಹಿಂಬರಹ ಕೇಳು’ ಎಂದರು. ಹಿಂಬರಹ ಎಂದರೆ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ.

ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದೆ. ಮಗನ ಹೆಸರು, ಹುಟ್ಟಿದ ದಿನಾಂಕ, ಒಂದನೆಯ ತರಗತಿಗೆ ಸೇರಿಸಿಕೊಳ್ಳಬೇಕೆಂಬ ಕೋರಿಕೆ, ಅಷ್ಟೇ. ಕಾರ್ಬನ್ ಕಾಗದ ಇಟ್ಟು ಎರಡು ಪ್ರತಿ ಮಾಡಿದೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು, ‘ಸಾರ್, ಒಂದು ಪ್ರತಿ ನಿಮಗೆ, ಇನ್ನೊಂದಕ್ಕೆ ಸ್ವೀಕೃತಿ ಮುದ್ರೆ ಹಾಕಿ ಕೊಡಿ. ಸೇರಿಸಿಕೊಳ್ಳಲು ಆಗದಿದ್ದರೆ ಕಾರಣ ಬರೆದು ಹಿಂಬರಹ ಕೊಡಿ’ ಎಂದೆ. ಹಿಂದಿನ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತು. ಅವರು ಕನ್ನಡಕ ತೆಗೆದು ಒರೆಸಿದರು. ಅರ್ಜಿಯನ್ನು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. ಪೆನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ‘ಅಷ್ಟೆಲ್ಲ ಯಾಕಮ್ಮ? ನಾಳೆ ಬನ್ನಿ’ ಎಂದರು. ‘ಬರುತ್ತೇನೆ ಸಾರ್, ಮುದ್ರೆ ಹಾಕಿ ಕೊಡಿ’ ಎಂದೆ. ಮುದ್ರೆ ಬಿತ್ತು. ಮೂರನೆಯ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿತ್ತು.

ಆ ಪೆನ್ನು ಯಾಕೆ ಕೆಳಗಿಳಿಯಿತು ಎಂಬುದು ನನಗೆ ಅರ್ಥವಾದದ್ದು ತಡವಾಗಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 16ನೆಯ ಕಲಮಿನ ಪ್ರಕಾರ ಸರ್ಕಾರದ ಅನುದಾನ ಪಡೆಯುವ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವೈಕಲ್ಯವಿರುವ ಮಗುವನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಅನುಕೂಲವನ್ನೂ ಮಾಡಿಕೊಡಬೇಕು. ಮಾನ್ಯತೆ ಎಂಬ ಪದ ಇರುವುದರಿಂದ ಖಾಸಗಿ ಶಾಲೆಯೂ ತಪ್ಪಿಸಿಕೊಳ್ಳಲಾಗದು. 31ನೆಯ ಕಲಮಿನಲ್ಲಿ, ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಅದು ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬುದು ನಮ್ಮ ಆಯ್ಕೆ. ಇಷ್ಟು ಇರುವಾಗ ‘ವ್ಯವಸ್ಥೆ ಇಲ್ಲ, ಆದ್ದರಿಂದ ಸೇರಿಸಿಕೊಂಡಿಲ್ಲ’ ಎಂದು ಸಹಿ ಹಾಕಿ ಕೊಡಲು ಯಾವ ಮುಖ್ಯೋಪಾಧ್ಯಾಯರ ಕೈಯೂ ಬರುವುದಿಲ್ಲ. ಬಾಯಲ್ಲಿ ಮಾತ್ರ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ.

ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇ 35 ಎಂದು ಬಂತು, ಇನ್ನೇನೂ ಸಿಗುವುದಿಲ್ಲ ಎಂದು ಕೈಚೆಲ್ಲಿದವರನ್ನು ಕಂಡಿದ್ದೇನೆ. ಶೇ 40ರ ಗೆರೆ ಇರುವುದು ಉಚಿತ ಶಿಕ್ಷಣ, ಮೀಸಲಾತಿಯಂಥ ಸೌಲಭ್ಯಗಳಿಗೆ. ಶಾಲೆಗೆ ಸೇರಿಸಿಕೊಳ್ಳುವುದಕ್ಕೂ ಕೆಳಗಿನ ಕೊಠಡಿಯಲ್ಲಿ ಕೂರಿಸುವುದಕ್ಕೂ ಆ ಗೆರೆ ಇಲ್ಲ. ಪರೀಕ್ಷೆಯಲ್ಲಿ ಲಿಪಿಕಾರರನ್ನು, ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವವರನ್ನು ಪಡೆಯಲು ಶೇ 40 ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿದೆ. ಇನ್ನು ಶೇಕಡಾವಾರು ತೀರಾ ತಪ್ಪಾಗಿದೆ ಅನ್ನಿಸಿದರೆ ಮೇಲ್ಮನವಿಗೆ ಅವಕಾಶವಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವುದು ಹೇಗೆಂದು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಹಾಗೊಬ್ಬರು ಪಂಚಾಯಿತಿಯಲ್ಲಿ ಇರುತ್ತಾರೆಂದೇ ನನಗೆ ಎರಡು ವರ್ಷ ಗೊತ್ತಿರಲಿಲ್ಲ.

ಸೇರಿಸುವುದೇ ದೊಡ್ಡ ಯುದ್ಧ ಎಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾದದ್ದು ಆಮೇಲೆ, ಮತ್ತು ಅಲ್ಲಿ ತಪ್ಪಿದವಳು ನಾನೇ. ಎರಡನೆಯ ತರಗತಿಯಲ್ಲಿ ಮಗನನ್ನು ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರಿಸಿರುವುದನ್ನು ಕಂಡು, ಬೇರೆ ಪೋಷಕರ ಮುಂದೆಯೇ ಆ ಶಿಕ್ಷಕಿಯ ಮೇಲೆ ಹರಿಹಾಯ್ದೆ. ಕಾಯ್ದೆ, ಕಲಮು, ದಂಡ ಎಲ್ಲವನ್ನೂ ಒಪ್ಪಿಸಿದೆ. ಅವರಿಗೆ ಕಣ್ಣಲ್ಲಿ ನೀರು ಬಂತು. ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು, ಇಂಥ ಮಗುವಿಗೆ ಹೇಗೆ ಬರೆಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ವರ್ಷ ಪೂರ್ತಿ ಅವರು ನನ್ನೊಂದಿಗೆ ಮಾತನಾಡಲಿಲ್ಲ. ಮಗನನ್ನು ಬೈಯಲೂ ಇಲ್ಲ, ಕಲಿಸಲೂ ಇಲ್ಲ. ಒಂದು ವರ್ಷ ಹೋಯಿತು, ಅದು ನನ್ನ ಲೆಕ್ಕಕ್ಕೆ.

ಆಮೇಲೆ ಕೇಳುವ ರೀತಿ ಬದಲಾಯಿಸಿದೆ. ‘ಮಗುವಿನ ಕಡೆ ವಿಶೇಷ ಗಮನ ಕೊಡಿ’ ಎಂಬ ಅರ್ಜಿಗೆ ‘ಕೊಡುತ್ತಿದ್ದೇವೆ’ ಎಂಬ ಉತ್ತರ ಸಿದ್ಧವಿರುತ್ತದೆ. ‘ಮೂರನೆಯ ತರಗತಿಯನ್ನು ಮೆಟ್ಟಿಲಿಲ್ಲದ ಕೊಠಡಿಗೆ ಬದಲಿಸಿ’ ಎಂದರೆ ಬದಲಿಸಬೇಕು, ಇಲ್ಲವೇ ಬದಲಿಸಲಿಲ್ಲವೆಂಬುದು ಎಲ್ಲರಿಗೂ ಕಾಣಬೇಕು. ಒಂದು ಸಲಕ್ಕೆ ಒಂದೇ ಕೋರಿಕೆ. ಜೊತೆಗೆ ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ನಾಲ್ಕು ಸಾಲು ಬರೆದಿಡುತ್ತೇನೆ: ಇವತ್ತು ಎಷ್ಟು ಬರೆದ, ಯಾವುದಕ್ಕೆ ಸುಸ್ತಾದ, ಯಾರು ಏನು ಹೇಳಿದರು. ಗಂಡ ತೋಟದಲ್ಲಿ ರೈಟರ್ ಆದರೆ ಮನೆಯಲ್ಲಿ ರೈಟರ್ ನಾನು.

ಸಮಗ್ರ ಶಿಕ್ಷಣದಡಿ ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಅಂಗವೈಕಲ್ಯವಿರುವ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಬೆರಳೆಣಿಕೆಯ ಜನ, ತಾಲ್ಲೂಕಿನ ತುಂಬ ಮಕ್ಕಳು. ನಮ್ಮ ಶಾಲೆಗೆ ಬಂದವರೊಬ್ಬರು ಮಗ ಬರೆಯುವುದನ್ನು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ, ‘ಬಗ್ಗಿ ಬರೆಯುವುದರಲ್ಲೇ ಇವನ ಶಕ್ತಿಯೆಲ್ಲ ಹೋಗುತ್ತಿದೆ, ಪುಸ್ತಕವೇ ಇವನ ಕಡೆಗೆ ಓರೆಯಾಗಲಿ’ ಎಂದರು. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರ ಕಡಿದಿದ್ದ ಸಮಯ. ಬಡಗಿಯಿಂದ ಒಂದೂಕಾಲು ಅಡಿ ಅಗಲದ ಹಲಗೆ ಕೊಯ್ಯಿಸಿದೆವು. ಹಿಂದೆ ನಾಲ್ಕು ಇಂಚಿನ ಎರಡು ಕಾಲು, ಮುಂದೆ ಪುಸ್ತಕ ಜಾರದಂತೆ ಒಂದು ಪಟ್ಟಿ, ಮೇಲೆ ಹಾಳೆ ಹಿಡಿಯಲು ಎರಡು ಕ್ಲಿಪ್ಪು. ಬೆಂಚಿನ ಮೇಲೆ ಹಲಗೆ ಸರಿಯದಿರಲೆಂದು ಅಡಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಮೊಳೆ ಹೊಡೆದೆವು, ಉಳಿದ ಟ್ಯೂಬನ್ನು ಪೆನ್ಸಿಲಿಗೆ ಸುತ್ತಿ ದಪ್ಪ ಮಾಡಿದೆವು. ಮೊದಲ ದಿನ ಅರ್ಧ ಪುಟ ಬರೆದ. ಅದುವರೆಗೆ ಎರಡು ಸಾಲಿಗೇ ಕೈ ಸೋಲುತ್ತಿತ್ತು. ಆಷಾಢದಲ್ಲಿ ಹಲಗೆಗೆ ಬೂಷ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಕೊಡುತ್ತೇನೆ. ಕೊನೆಯ ಬೆಂಚಿನ ಮಕ್ಕಳು ತಮಗೂ ಅಂಥದ್ದು ಬೇಕೆಂದು ಕೇಳುತ್ತಿದ್ದರಂತೆ.

‘ವಿಶೇಷ ಶಾಲೆ ಬೇಡವೇ ಬೇಡವೇ?’ ಎಂದೂ ಕೇಳುತ್ತಾರೆ. ಹಾಗೆ ನಾನು ಹೇಳುವುದಿಲ್ಲ. ಕಿವಿ ಕೇಳದ ಮಗುವನ್ನು ಸಂಜ್ಞಾ ಭಾಷೆ ಬಲ್ಲ ಒಬ್ಬರೂ ಇಲ್ಲದ ಶಾಲೆಯಲ್ಲಿ ಕೂರಿಸಿದರೆ ಅದು ಜನರ ನಡುವೆ ಒಂಟಿ. ಅಂಥ ಮಗುವಿಗೆ ತನ್ನ ಭಾಷೆಯವರಿರುವ ಶಾಲೆಯೇ ಮೇಲು. ನನಗೆ ಸಿಟ್ಟಿರುವುದು ಗೃಹಾಧಾರಿತ ಶಿಕ್ಷಣದ ದುರ್ಬಳಕೆಯ ಮೇಲೆ. ಹಾಸಿಗೆ ಬಿಟ್ಟು ಏಳಲಾಗದ, ತೀವ್ರ ವೈಕಲ್ಯವಿರುವ ಮಕ್ಕಳಿಗಾಗಿ ಮಾಡಿದ ಏರ್ಪಾಡು ಅದು. ನಡೆಯಬಲ್ಲ ಮಗುವಿನ ಹೆಸರನ್ನು ಹಾಜರಿಯಲ್ಲಿ ಬರೆದುಕೊಂಡು, ‘ಮನೆಯಲ್ಲೇ ಇರಲಿ, ನಾವೇ ಬಂದು ಕಲಿಸುತ್ತೇವೆ’ ಎಂದರೆ ಒಪ್ಪಬೇಡಿ. ಯಾವ ದಿನ, ಎಷ್ಟು ಹೊತ್ತು, ಯಾರು ಬರುತ್ತಾರೆ ಎಂದು ಬರೆಸಿಕೊಳ್ಳಿ.

ಶಾಲೆ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ? ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ. ಅಲ್ಲೂ ಕದಲದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಬಹುದು. ವಿಚಾರಣೆಗೆ ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಸರ್ಕಾರಿ ಕಚೇರಿಯಲ್ಲಿ ನಿಮ್ಮ ಅರ್ಜಿ ಏನಾಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಡಿ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಉಚಿತ. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಓಡಾಡಿದ್ದೇನೂ ಕಡಿಮೆಯಲ್ಲ, ಅದೂ ಶಕ್ತಿ ಯೋಜನೆ ಬರುವ ಮುಂಚೆ. ಈಗಿನ ತಾಯಂದಿರಿಗೆ ಟಿಕೆಟ್ ದುಡ್ಡಾದರೂ ಉಳಿಯುತ್ತದೆ, ಊರಿಗೆ ಸರ್ಕಾರಿ ಬಸ್ ಬರುವುದಾದರೆ.

ಮಗ ಈಗ ಎಂಟನೆಯ ತರಗತಿ. ಎಸ್ಸೆಸ್ಸೆಲ್ಸಿಗೆ ಲಿಪಿಕಾರರು ಬೇಕು, ಹೆಚ್ಚುವರಿ ಸಮಯ ಬೇಕು. ಆ ವರ್ಷ ಒಮ್ಮೆಲೇ ಕೇಳಿದರೆ ‘ಇದುವರೆಗೆ ಇಲ್ಲದ್ದು ಈಗೇಕೆ’ ಎಂಬ ಮಾತು ಬರುತ್ತದೆ. ಹಾಗಾಗಿ ಈಗಿನಿಂದಲೇ ಶಾಲೆಯ ಪರೀಕ್ಷೆಗಳಲ್ಲೂ ಎರಡನ್ನೂ ಕೊಡಬೇಕೆಂದು ಅರ್ಜಿ ಬರೆದೆ. ಒಂದು ಸಲಕ್ಕೆ ಒಂದೇ ಕೋರಿಕೆ ಎಂಬ ನನ್ನ ನಿಯಮಕ್ಕೆ ಇದೊಂದು ವಿನಾಯಿತಿ. ಬಸ್ಸಿಗೆ ಹೊರಟವಳನ್ನು ಮಗ ತಡೆದ. ‘ನೀನು ಬರಬೇಡ ಅಮ್ಮ, ನಾನೇ ಕೊಡುತ್ತೇನೆ’ ಎಂದ. ಎಂಟನೆಯ ತರಗತಿಯ ಹುಡುಗರಿಗೆ ಅಮ್ಮ ಶಾಲೆಗೆ ಬರುವುದೇ ಅವಮಾನ, ಅದರಲ್ಲಿ ಇವನೂ ಎಲ್ಲರಂತೆಯೇ. ಸಂಜೆ ಬಂದವನನ್ನು ಏನಾಯಿತೆಂದು ಕೇಳಿದೆ. ‘ತೆಗೆದುಕೊಂಡರು, ಆಯಿತು ಎಂದರು’ ಎಂದ.

‘ಮುದ್ರೆ ಹಾಕಿದ ಪ್ರತಿ ಎಲ್ಲಿ?’

ಮರೆತಿದ್ದ. ಮಾವ ಜಗಲಿಯಿಂದ ನನ್ನ ಮುಖ ನೋಡಿದರು. ಕಾರ್ಬನ್ ಪ್ರತಿಯನ್ನು ಅವನ ಚೀಲಕ್ಕೆ ಹಾಕಿ ಮರುದಿನ ಮತ್ತೆ ಕಳುಹಿಸಿದೆ.