ಇಲ್ಲಿ ಹಾಲಿಗೂ ಸುಗ್ಗಿ ಇದೆ

ಜೂನ್ ತಿಂಗಳಿಡೀ ನಮ್ಮ ಫಾರ್ಮಿನಲ್ಲಿ ಒಂದು ತೊಟ್ಟು ಹಾಲೂ ಇರುವುದಿಲ್ಲ. 350 ಹಸು, ಎಲ್ಲವೂ ಗಬ್ಬ, ಎಲ್ಲವೂ ಬತ್ತಿದವು. ನ್ಯೂಜಿಲೆಂಡಿನ ವೈಕಾಟೊಗೆ ಬಂದ ಹೊಸದರಲ್ಲಿ ನನಗೆ ಇದೇ ವಿಚಿತ್ರ. ಡೈರಿ ಅಂದಮೇಲೆ ವರ್ಷವಿಡೀ ಹಾಲು ಇರಬೇಕಲ್ವಾ?

ಎಲ್ಲದಕ್ಕೂ ಕಾರಣ ಹುಲ್ಲು. ಹಸುಗಳು ಬಯಲಲ್ಲೇ ಮೇಯುತ್ತವೆ. ಇಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ, ಆಗ ಹುಲ್ಲು ಅಷ್ಟಕ್ಕಷ್ಟೇ, ಸೆಪ್ಟೆಂಬರ್ ಬಂತೆಂದರೆ ನುಗ್ಗಿಕೊಂಡು ಬರುತ್ತದೆ. ಕರು ಹಾಕಿದ ಆರೆಂಟು ವಾರಕ್ಕೆ ಹಸು ಅತಿ ಹೆಚ್ಚು ಹಾಲು ಕೊಡುತ್ತದೆ. ಹಾಗಾಗಿ ಜುಲೈ, ಆಗಸ್ಟಿನಲ್ಲೇ ಈಯಿಸುತ್ತಾರೆ. ಗಬ್ಬ ಸುಮಾರು 282 ದಿನ. ಅಂದರೆ ಅಕ್ಟೋಬರಿನಲ್ಲಿ ಮತ್ತೆ ಗಬ್ಬ ಕಟ್ಟಬೇಕು. ಆಗ ಬಾಲದ ಬುಡಕ್ಕೆ ಬಣ್ಣ ಬಳಿಯುತ್ತೇವೆ. ಬೆಳಗ್ಗೆ ಅದು ಉಜ್ಜಿಹೋಗಿದ್ದರೆ ಇನ್ನೊಂದು ಹಸು ಮೇಲೆ ಹತ್ತಿದೆ, ಅಂದರೆ ಇದು ಬೆದೆಗೆ ಬಂದಿದೆ. ಒಂದು ಬೆದೆ ಕೈತಪ್ಪಿದರೆ ಕರು ಮೂರು ವಾರ ತಡ. ಹಾಲು ನಿಲ್ಲಿಸುವುದು ಮಾತ್ರ ಎಲ್ಲಕ್ಕೂ ಒಟ್ಟಿಗೇ. ಮೂರು ವಾರದ ಹಾಲು ಖೋತಾ!

ತಳಿಯ ವಿಷಯದಲ್ಲೂ ನನ್ನ ಲೆಕ್ಕ ತಪ್ಪಿತ್ತು. ಲೀಟರಿನಲ್ಲಿ ಫ್ರೀಸಿಯನ್ನೇ ಮುಂದೆ. ಆದರೆ ಇಲ್ಲಿ ದುಡ್ಡು ಸಿಗುವುದು ಹಾಲಿನಲ್ಲಿರುವ ಜಿಡ್ಡು ಮತ್ತು ಪ್ರೋಟೀನಿನ ತೂಕಕ್ಕೆ, ನೀರಿಗಲ್ಲ. ಜರ್ಸಿ ಕೊಡುವುದು ಕಡಿಮೆ, ಜಿಡ್ಡು ಶೇ 5 ದಾಟುತ್ತದೆ. ಮೈ ಹಗುರ, ಮೇವೂ ಕಡಿಮೆ. ಎರಡನ್ನೂ ಬೆರೆಸಿದ ಕಿವಿಕ್ರಾಸ್ ಇಲ್ಲಿ ಜಾಸ್ತಿ. ನನಗಂತೂ ಜರ್ಸಿಯೇ ಇಷ್ಟ, ಕಣ್ಣು ನೋಡಿದರೆ ಸಾಕು.

ಆದರೆ ಹೆದರಿಸುವುದೂ ಅದೇ. ಕಳೆದ ಆಗಸ್ಟಿನ ಒಂದು ರಾತ್ರಿ, ಜಡಿಮಳೆ. ಆಗಷ್ಟೇ ಈದ ಜರ್ಸಿಯೊಂದು ಕತ್ತು ಹೊಟ್ಟೆಯ ಕಡೆ ತಿರುಗಿಸಿ ಮಲಗಿತ್ತು. ಕಿವಿ ಮುಟ್ಟಿದೆ, ತಣ್ಣಗೆ. ಸುಸ್ತಾಗಿರಬೇಕು ಅಂತ ಸುಮ್ನೆ ಮುಂದೆ ಹೋಗುತ್ತಿದ್ದೆ. ಜೊತೆಗಿದ್ದ ಹಿರಿಯ ಬೈದ. ಮಿಲ್ಕ್ ಫೀವರ್ ಅಂತೆ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಗಿಣ್ಣು ಹಾಲಿಗೆ ಮೈಯ ಕ್ಯಾಲ್ಸಿಯಂ ಒಮ್ಮೆಲೇ ಇಳಿದುಹೋಗಿ ಹಸು ಏಳಲಾರದೆ ಬೀಳುತ್ತದೆ. ಜರ್ಸಿಗಳಿಗೆ ಇದು ಜಾಸ್ತಿ. ಅವನು ಸೂಜಿ ಚುಚ್ಚಿದ, ನಾನು ಟಾರ್ಚು ಕಚ್ಚಿಕೊಂಡು ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಹಸು ತೇಗಿತು, ಸಗಣಿ ಹಾಕಿತು, ಆಮೇಲೆ ತಡವರಿಸುತ್ತಾ ಎದ್ದು ಕರು ನೆಕ್ಕಲು ಹೋಯಿತು.

ಗಿಣ್ಣು ಹಾಲು ಟ್ಯಾಂಕಿಗೆ ಸೇರದಂತೆ ಅದರ ಕಾಲಿಗೆ ಕೆಂಪು ಪಟ್ಟಿ ಸುತ್ತಿದೆ. ತಲೆ ಎತ್ತಿದರೆ ಪಕ್ಕದ ಹಸುವಿನ ಬಾಲದಡಿ ಎರಡು ಪುಟ್ಟ ಗೊರಸು ಇಣುಕುತ್ತಿದ್ದವು.