ಆ ‘ನಾವು’ ಒಳಗೆ ಯಾರಿದ್ದರು?

ಆರು ವರ್ಷ ಒಬ್ಬ ರಾಜಕೀಯ ನಾಯಕರಿಗೆ ಭಾಷಣ ಬರೆದುಕೊಡುತ್ತಿದ್ದೆ. ಆಮೇಲೆ ಒಂದು ಕಂಪನಿ ಸೇರಿದೆ. ಅಲ್ಲಿನ ಮುಖ್ಯಸ್ಥರ ಭಾಷಣ, ಪತ್ರ ಎಲ್ಲ ಬರೆಯುವ ಕೆಲಸ. ಎಲ್ಲಿ ಬರೆದರೂ ಮಾತು ಮಾತೇ ಅಲ್ವಾ ಅಂದುಕೊಂಡಿದ್ದೆ.

ಮೊದಲ ವರ್ಷವೇ ಮಾರಾಟ ಕುಸಿಯಿತು. ಮುಖ್ಯಸ್ಥರು ನೌಕರರ ಮುಂದೆ ಮಾತಾಡಬೇಕಿತ್ತು. ಹಳೇ ಅಭ್ಯಾಸದಲ್ಲಿ ‘ನಾವೆಲ್ಲ ಒಂದಾಗಿ ಈ ಕಷ್ಟ ದಾಟುತ್ತೇವೆ’ ಎಂದು ಬರೆದೆ. ಅವರು ಹಾಗೇ ಓದಿದರು. ಜೋರು ಚಪ್ಪಾಳೆ ಬಂತು. ಎರಡೇ ತಿಂಗಳಿಗೆ ಹಲವರನ್ನು ಕೆಲಸದಿಂದ ತೆಗೆದರು. ಹೊರಡುವ ದಿನ ಒಬ್ಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಭಾಷಣ ಬರೆದದ್ದು ನಾನೇ ಎಂದು ಅವರಿಗೆ ಗೊತ್ತಿತ್ತು. ‘ಅವತ್ತು ನಾವು ನಾವು ಅಂದ್ರಲ್ಲ, ಅದರಲ್ಲಿ ನಾನು ಇದ್ನಾ?’ ಎಂದು ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’. ತುಳುವಿನಲ್ಲೂ ಹಾಗೇ, ‘ನಮ’ ಬೇರೆ, ‘ಎಂಕುಲು’ ಬೇರೆ. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ರಾಜಕಾರಣಿಗೆ ಇದು ವರ. ಅವರ ‘ನಾವು’ ದೊಡ್ಡದಾದಷ್ಟೂ ಒಳ್ಳೆಯದು. 1940ರಲ್ಲಿ, ಯುದ್ಧದ ನಡುವೆ, ಬ್ರಿಟನ್ ಪ್ರಧಾನಿ ಚರ್ಚಿಲ್ ‘ಕಡಲತೀರಗಳಲ್ಲಿ ಹೋರಾಡುತ್ತೇವೆ’ ಎಂದಾಗ ಆ ‘ನಾವು’ ಅಂದರೆ ಇಡೀ ದೇಶ. ಕಂಪನಿ ಮುಖ್ಯಸ್ಥರ ‘ನಾವು’ ಒಮ್ಮೆ ಆಡಳಿತ ಮಂಡಳಿ, ಒಮ್ಮೆ ಷೇರುದಾರರು, ಒಮ್ಮೆ ಎಲ್ಲ ನೌಕರರು. ಯಾರೆಂದು ಬಿಡಿಸಿ ಹೇಳದಿದ್ದರೆ, ಭಯದಲ್ಲಿರುವ ಮನುಷ್ಯ ತಾನೂ ಒಳಗಿದ್ದೇನೆ ಅಂತಲೇ ನಂಬುತ್ತಾನೆ. ನಾನು ಬರೆದ ಸಾಲು ಮೇಜಿನ ಹತ್ತಿರ ಬಂದು ಕೇಳಿದವರನ್ನು ಹಾಗೆ ನಂಬಿಸಿತ್ತು.

ಭರವಸೆಯ ಮಾತೂ ಅಷ್ಟೇ. ರಾಜಕಾರಣದಲ್ಲಿ ಭರವಸೆ ತಪ್ಪಿದರೆ ಲೆಕ್ಕ ಕೇಳುವುದು ಮುಂದಿನ ಚುನಾವಣೆ. ಷೇರುಪೇಟೆಯಲ್ಲಿರುವ ಕಂಪನಿಗೆ ಅಷ್ಟು ಸಮಯ ಸಿಗುವುದಿಲ್ಲ. 2018ರಲ್ಲಿ ಎಲಾನ್ ಮಸ್ಕ್, ತಮ್ಮ ಕಾರು ಕಂಪನಿ ಟೆಸ್ಲಾವನ್ನು ಷೇರುಪೇಟೆಯಿಂದ ಹೊರತರುವ ಯೋಚನೆಯಿದೆ, ಅದಕ್ಕೆ ಹಣವೂ ಖಚಿತವಾಗಿದೆ ಎಂದು ಟ್ವೀಟ್ ಮಾಡಿದರು. ಆ ಮಾತು ಹೂಡಿಕೆದಾರರ ದಾರಿ ತಪ್ಪಿಸಿತು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ಪ್ರಕರಣ ಹಾಕಿದರು. ರಾಜಿಯಲ್ಲಿ ಮಸ್ಕ್ ಅವರೂ ಕಂಪನಿಯೂ ತಲಾ 2 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಕಂಪನಿ ಪತ್ರಗಳಲ್ಲಿ ‘ಅಂದಾಜು’, ‘ನಿರೀಕ್ಷೆ’ ಜಾಸ್ತಿ ಇರುವುದು ಸುಮ್ನೆ ಅಲ್ಲ. ಮೊದಲು ನನಗೆ ಅವು ಪುಕ್ಕಲು ಮಾತು ಅನ್ನಿಸುತ್ತಿದ್ದವು.

ಈಗ ಕರಡು ಮುಗಿದ ಮೇಲೆ ಪ್ರತಿ ‘ನಾವು’ ಕೆಳಗೆ ಗೆರೆ ಎಳೆಯುತ್ತೇನೆ. ‘ಸರ್, ಇಲ್ಲಿ ನಾವು ಅಂದ್ರೆ ಯಾರು?’ ಎಂದು ಮುಖ್ಯಸ್ಥರನ್ನೇ ಕೇಳುತ್ತೇನೆ. ಹೋದ ಸಲ ಏಳು ಗೆರೆ ಇದ್ದವು. ಮೂರು ಕಡೆ ‘ಆಡಳಿತ ಮಂಡಳಿ’ ಎಂದಾಯಿತು. ಒಂದು ಕಡೆ ಅವರೇ ಪೆನ್ನು ತೆಗೆದುಕೊಂಡು ‘ನಾನು’ ಎಂದು ತಿದ್ದಿದರು.